ಮಾವನ ನಾಯಿಯ ಎಡಗಿವಿ

ಮಾರಂಡಹಳ್ಳಿಯ ಸುತ್ತಮುತ್ತ ನಾಯಿಮರಿಯ ಕಿವಿಗೆ ಗಂಜಿ ಹಾಕಿದ ಮನುಷ್ಯ ಒಬ್ಬನೇ. ಅವನು ನನ್ನ ಸೋದರಮಾವ. ಈ ಕೀರ್ತಿಗೆ ಇವತ್ತಿನವರೆಗೂ ಯಾರೂ ಪೈಪೋಟಿಗೆ ಬಂದಿಲ್ಲ, ಬರುವುದೂ ಇಲ್ಲ ಬಿಡಿ. ಪಂಚೆಗೆ ಗಂಜಿ ಹಾಕುವವರಿದ್ದಾರೆ, ಸೀರೆಗೆ ಹಾಕುವವರಿದ್ದಾರೆ. ಜೀವವಿರುವ ಪ್ರಾಣಿಗೆ ಹಾಕಿ, ಬಿಸಿಲಲ್ಲಿ ಕೂರಿಸಿ, ಒಣಗಿತೇ ಎಂದು ಮುಟ್ಟಿ ನೋಡುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅಷ್ಟೇ ಅಲ್ಲ, ‘ಅವರು ನಿಮಗೆ ಏನಾಗಬೇಕು?’ ಎಂದು ಕೇಳಿದವರಿಗೆಲ್ಲ ತಲೆ ತಗ್ಗಿಸಿ ಉತ್ತರವನ್ನೂ ಕೊಟ್ಟಿದ್ದೇನೆ.

ಇದು ತೊಂಬತ್ತರ ದಶಕದ ಮಾತು. ನಾನು ಆಗ ಗಡಿಯಾಚೆ ತಮಿಳು ಸೀಮೆಯ ಪಾಲಕೋಡಿನ ಬಸ್ ಸ್ಟ್ಯಾಂಡ್ ಎದುರು ಎಸ್‌ಟಿಡಿ ಬೂತ್ ಇಟ್ಟಿದ್ದೆ. ಮಾವನ ಹೆಂಡತಿಗೆ, ಅಂದರೆ ನನ್ನ ಅತ್ತೆಗೆ, ಅಷ್ಟರಲ್ಲಿ ಕಿವಿ ಮಂದವಾಗಿತ್ತು. ಎದುರಿಗೆ ನಿಂತು ಕೂಗಿದರೆ ಮಾತ್ರ ಕೇಳಿಸುತ್ತಿತ್ತು. ಸೇಲಂನ ಡಾಕ್ಟರು ಮಿಷನ್ ಹಾಕಿಕೊಳ್ಳಿ ಎಂದರೆ ಅತ್ತೆ, “ಊರೋರ್ ನೋಡಿದ್ರೆ ಕಿವುಡಿ ಅಂತಾರೆ, ನಂಗ್ ಬ್ಯಾಡ” ಎಂದು ಎದ್ದು ಬಂದಿದ್ದಳು. ನಾಲ್ಕು ಜನರೆದುರು ಯಾರಾದರೂ ತನ್ನ ಹತ್ತಿರ ಕೂಗಿ ಮಾತಾಡುವುದೆಂದರೆ ಅವಳಿಗೆ ಪ್ರಾಣ ಹೋದಷ್ಟು ನಾಚಿಕೆ. ಮೊದಲು ಸಂತೆ ಬಿಟ್ಟಳು, ಆಮೇಲೆ ಮದುವೆ ಮುಂಜಿ, ಕೊನೆಗೆ ನೆಂಟರ ಮನೆಯನ್ನೂ ಬಿಟ್ಟಳು. ನನ್ನನ್ನು ಎತ್ತಿ ಆಡಿಸಿದವಳು, ನನ್ನ ಬೂತಿನ ಪೂಜೆಗೂ ಬರಲಿಲ್ಲ.

ಮಾವ ಸೇಲಂಗೆ ಹೋದವನು ಒಂದು ಅಲ್ಸೇಷಿಯನ್ ಮರಿಯನ್ನು ಟವಲಿನಲ್ಲಿ ಸುತ್ತಿಕೊಂಡು ಬಂದ. “ಜರ್ಮನಿಯಾಗೆ ಕುರಿ ಕಾಯೋ ಜಾತಿ ಇದು. ತೋಳ ಕೆಮ್ಮಿದ್ರೂ ಇದಕ್ಕೆ ಕೇಳ್ಸತೈತೆ. ಇನ್ಮ್ಯಾಕೆ ನಿಮ್ಮತ್ತೆಗೆ ಇದೇ ಕಿವಿ” ಎಂದ. ಆದರೆ ಮರಿಯ ಎರಡು ಕಿವಿಗಳೂ ನೀರಿಲ್ಲದ ಬದನೆ ಎಲೆಯ ಹಾಗೆ ಜೋತು ಬಿದ್ದಿದ್ದವು. ಹಲ್ಲು ಹುಟ್ಟಿ ಮುಗಿದ ಮೇಲೆ ತಾನಾಗಿಯೇ ನಿಲ್ಲುತ್ತವೆ ಎಂದು ಮಾರಿದವನು ಹೇಳಿದ್ದನಂತೆ. ನಮ್ಮ ಮಾವನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಬಿದ್ದ ಕಿವಿಗೆ ಏನು ಕೇಳಿಸೀತು ಎಂಬುದು ಅವನ ವಾದ. ಅತ್ತೆಯ ಎದುರಿಗೆ ನಿಂತು ಕೂಗಿ ಹೇಳಿದ: “ಇದ್ರ ಎರಡೂ ಕಿವಿ ನಿಂತ ದಿನ ನಿನ್ನ ಪಾಲಕೋಡಿಗೆ ಕರ್ಕೊಂಡ್ ಓಯ್ತೀನಿ. ಇದು ಜೊತೆಗಿದ್ರೆ ನಿಂಗ್ಯಾರ ಭಯ?” ಅತ್ತೆ ಆ ಕಿವಿಗಳನ್ನು ಚೆನ್ನಾಗಿ ನೋಡಿ, ಇವು ನಿಲ್ಲುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, “ಆಯ್ತು” ಎಂದಳು.

ಮೊದಲು ಗಂಜಿ. ಮಾವನ ಪಂಚೆ ಯಾವಾಗಲೂ ರಟ್ಟಿನ ಹಾಗೆ ನಿಂತಿರುತ್ತಿತ್ತು, ಆ ವಿದ್ಯೆಯ ಮೇಲೆ ಅವನಿಗೆ ಬಹಳ ಹೆಮ್ಮೆ. ಅದನ್ನೇ ಮರಿಯ ಮೇಲೆ ಪ್ರಯೋಗಿಸಿದ. ಅನ್ನದ ಗಂಜಿ ಬಸಿದು, ಆರಿಸಿ, ಕಿವಿಗೆ ಸವರಿ, ಅಂಗಳದಲ್ಲಿ ಕೂರಿಸಿದ. ಕಿವಿಗಳು ನಿಂತವು! ಮಾವ ಓಡಿ ಬಂದು ಅತ್ತೆಯನ್ನು ಕರೆದುಕೊಂಡು ಹೋಗುವಷ್ಟರಲ್ಲಿ ಮನೆಯ ಕೋಳಿಗಳೆಲ್ಲ ಮರಿಯ ಸುತ್ತ ಸೇರಿ, ಕಿವಿಗೆ ಅಂಟಿದ್ದ ಅನ್ನದ ಅಗುಳನ್ನು ಕುಕ್ಕುತ್ತಿದ್ದವು. ಜರ್ಮನಿಯ ಕುರಿಗಾಹಿ ಒಂದು ಹುಂಜಕ್ಕೆ ಹೆದರಿ ರಾಗಿ ಹುಲ್ಲಿನ ಮೆದೆಯೊಳಗೆ ನುಗ್ಗಿತು.

ಆಮೇಲೆ ಟೈಲರ್. ಅಂಗಿಯ ಕಾಲರ್ ನಿಲ್ಲಿಸಲು ಒಳಗೆ ಕ್ಯಾನ್ವಾಸ್ ಇಡುತ್ತಾರಲ್ಲ, ಅದು ಮಾವನ ಕಣ್ಣಿಗೆ ಬಿತ್ತು. ಅಳತೆ ಕೊಡುವಾಗ ಮರಿಯನ್ನು ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ? ಬೂತ್ ಮುಚ್ಚಿಸಿ ನನ್ನನ್ನು ಎಳೆದುಕೊಂಡು ಹೋದ. ಅಂಗಡಿ ತುಂಬ ಜನ. ಟೈಲರ್ ಟೇಪನ್ನು ಕೈಯಲ್ಲಿ ಹಿಡಿದು, ನನ್ನ ಮುಖ ನೋಡಿ ತಮಿಳಿನಲ್ಲಿ ಕೇಳಿದ.

“ಎನ್ನಮ್ಮಾ, ನಾಯಿಕ್ಕು ಕಾಲರಾ?”

ನಾನು ಗೋಡೆಯ ಕಡೆ ನೋಡಿದೆ. ಮಾವ ಮಾತ್ರ ಗಂಭೀರವಾಗಿ, “ಫುಲ್ ಕಾಲರ್ ಬ್ಯಾಡ, ಒಳ್ಗಡೆ ಪೀಸ್ ಮಾತ್ರ ಸಾಕು. ಎಡಗಡೆದು ಒಸಿ ಗಟ್ಟಿಯಾಗಿರ್ಲಿ” ಎಂದು ಆರ್ಡರ್ ಕೊಟ್ಟ. ಎರಡು ತುಂಡುಗಳು ಬಂದವು. ಅವನ್ನು ಮೆಡಿಕಲ್ ಶಾಪಿನ ಬಿಳಿ ಪ್ಲಾಸ್ಟರಿನಲ್ಲಿ ಕಿವಿಯೊಳಗೆ ಅಂಟಿಸಿ, ತಲೆಯ ಮೇಲೆ ಎರಡು ಕಿವಿಗೂ ಸೇರಿಸಿ ಒಂದು ಪಟ್ಟಿ ಕಟ್ಟಿದ. ಆ ಅವತಾರದಲ್ಲೇ ಮರಿಗೆ ಸಂಜೆಯ ವಾಕಿಂಗ್. ಎದುರು ಸಿಕ್ಕವರೆಲ್ಲ ಮರಿಗೆ ತಲೆನೋವೇ, ಆಪರೇಷನ್ನೇ ಎಂದು ವಿಚಾರಿಸುತ್ತಿದ್ದರು. ಮಾವ ನಿಂತು ಪ್ರತಿಯೊಬ್ಬರಿಗೂ ವಿವರಿಸುತ್ತಿದ್ದ. ನನಗೆ ಮದುವೆಯ ಮಾತು ನಡೆಯುತ್ತಿದ್ದ ಕಾಲ ಅದು, ನಮ್ಮ ಮನೆಯವರ ಗತಿ ನೀವೇ ಯೋಚಿಸಿ.

ಈ ನಡುವೆ ತರಬೇತಿಯೂ ಸಾಗಿತ್ತು. ಮಾವ ಹೊರಗೆ ಹೋಗಿ ತನ್ನ ಮನೆಯ ಬಾಗಿಲನ್ನು ತಾನೇ ಬಡಿಯುತ್ತಿದ್ದ. “ಯಾರವ್ವಾ ಒಳ್ಗೆ? ನೆಂಟ್ರು ಬಂದೀವಿ” ಎಂದು ತನ್ನ ಮನೆಗೆ ತಾನೇ ಕೂಗುತ್ತಿದ್ದ. ಒಳಗಿನಿಂದ ಮರಿ ಅತ್ತೆಯ ಸೀರೆ ಕಚ್ಚಿ ಬಾಗಿಲಿಗೆ ಎಳೆದು ತರಬೇಕು. ಬಂದರೆ ಒಂದು ಬಿಸ್ಕತ್ತು. ಎದುರು ಮನೆಯವರು ಇದನ್ನು ನೋಡಲೆಂದೇ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದರು. “ಪಾಪ, ಹೆಂಡ್ತಿ ಮನೆಯೊಳ್ಗೆ ಬಿಡ್ತಾ ಇಲ್ವಂತೆ” ಎಂಬ ಸುದ್ದಿ ಪಾಲಕೋಡಿನವರೆಗೂ ಬಂತು. ಮರಿ ಮಾತ್ರ ಪಾಠ ಬೇಗ ಕಲಿಯಿತು. ಎಷ್ಟು ಬೇಗ ಎಂದರೆ, ಬಿಸ್ಕತ್ತು ಬೇಕೆನಿಸಿದಾಗಲೆಲ್ಲ ಯಾರೂ ಬಾಗಿಲು ಬಡಿಯದಿದ್ದರೂ ಅತ್ತೆಯನ್ನು ಎಳೆದು ತರುತ್ತಿತ್ತು.

ಪ್ಲಾಸ್ಟರ್ ಬಿಚ್ಚಿದ ದಿನ ಬಲಗಿವಿ ನೆಟ್ಟಗೆ ನಿಂತಿತು. ಎಡಗಿವಿ ಕೆಳಗೆ ಬಿತ್ತು. ಮತ್ತೆ ಕಟ್ಟಿದ, ಮತ್ತೆ ಬಿತ್ತು. ಮೊಟ್ಟೆಯ ಸಿಪ್ಪೆ ಕುಟ್ಟಿ ರಾಗಿ ಅಂಬಲಿಯಲ್ಲಿ ಕಲಸಿ ಕುಡಿಸಿದ. ಮರಿ ಕೊಬ್ಬಿತು, ಕಿವಿ ಏಳಲಿಲ್ಲ. ಕೊನೆಗೆ ನನ್ನ ಬೂತಿಗೆ ಬಂದು, ಬಾಗಿಲು ಹಾಕಿಕೊಳ್ಳುವುದನ್ನೂ ಮರೆತು, ಮರಿ ಮಾರಿದವನಿಗೆ ಸೇಲಂಗೆ ಫೋನ್ ಹಚ್ಚಿದ. ಸರದಿಯಲ್ಲಿ ನಿಂತವರೆಲ್ಲ ತಮ್ಮ ಮಾತು ನಿಲ್ಲಿಸಿ ಕೇಳಿದರು. “ಎಡದು ಸಾರ್, ಎಡದು ಬಿದ್ದೋಗೈತೆ! ಬಲದು ಜಮ್ ಅಂತ ನಿಂತೈತೆ!” ಎಂದು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಕಿರುಚುತ್ತಿದ್ದ. ಆ ಕಡೆಯವನು ಏನೋ ಹೇಳಿದ. ಮಾವ ರಿಸೀವರ್ ಇಟ್ಟು ಹೊರಗೆ ಬಂದು, “ವಯಸ್ಸು ಮೀರೋಯ್ತಂತೆ ಕೂಸೇ. ಇನ್ ನಿಲ್ಲಾಕಿಲ್ವಂತೆ” ಎಂದ. ಯಾರ ಮುಖವನ್ನೂ ನೋಡದೆ ಬಸ್ ಹತ್ತಿದ.

ಊರೆಲ್ಲ ನಕ್ಕರೂ ನಾಚಿಕೊಳ್ಳದ ಮನುಷ್ಯ ಅವತ್ತಿನಿಂದ ನಾಚಿಕೆ ಕಲಿತ. ನಾಯಿಯನ್ನು ಬೀದಿಗೆ ಕರೆದುಕೊಂಡು ಹೋಗಲಿಲ್ಲ. ಬಾಗಿಲು ಬಡಿಯುವ ಆಟವೂ ನಿಂತಿತು. ಹೆಂಡತಿಗೆ ಕೊಟ್ಟ ಮಾತು ಹೋಯಿತಲ್ಲ ಎಂದು ಜಗಲಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿರುತ್ತಾನೆ ಎಂದು ನಮ್ಮಮ್ಮ ನೋಡಿ ಬಂದು ಹೇಳಿದಳು. ಅವನ ಹುಚ್ಚಾಟಕ್ಕೆ ಅಷ್ಟು ತಲೆ ತಗ್ಗಿಸಿದ್ದ ನನಗೆ, ಈಗ ಆ ಹುಚ್ಚಾಟವೇ ಬೇಕೆನಿಸಿತು.

ಅದಾದ ಮೇಲೆ ಒಂದು ಸಂತೆಯ ದಿನ ಬೂತಿನ ಮುಂದೆ ಅತ್ತೆ ಬಂದು ನಿಂತಳು. ಕೈಯಲ್ಲಿ ನಾಯಿಯ ಹಗ್ಗ. ಹಿಂದೆ ಮಾವ, ಕಳ್ಳನ ಹಾಗೆ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಸರದಿಗಾಗಿ ಬೆಂಚಿನ ಮೇಲೆ ಕೂತಿದ್ದ ಒಬ್ಬ ಟೊಮೇಟೊ ವ್ಯಾಪಾರಿ ನಾಯಿಯ ಎಡಗಿವಿಗೆ ಬೆರಳು ತೋರಿಸಿ ಪಕ್ಕದವನಿಗೆ ಏನೋ ಹೇಳಿ ನಕ್ಕ. ಇಬ್ಬರು ಮೂವರು ಅವನ ಜೊತೆ ಸೇರಿ ನಕ್ಕರು. ಮಾವ ತಲೆ ತಗ್ಗಿಸಿದ.

ಅತ್ತೆಗೆ ನಗು ಕೇಳಿಸಲಿಲ್ಲ. ಬೆರಳು ಕಾಣಿಸಿತು, ಗಂಡನ ಬಗ್ಗಿದ ತಲೆ ಕಾಣಿಸಿತು. ಅವಳು ವ್ಯಾಪಾರಿಯ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಅದಕ್ಕೆ ಎರಡು ಕಿವಿನೂ ಚೆನ್ನಾಗ್ ಕೇಳ್ಸತೈತೆ ಕಣಪ್ಪಾ. ಕೇಳ್ಸದೆ ಇರೋದು ನಂಗೆ. ಅದಕ್ಕೇ ನಮ್ಮನೆಯವ್ರು ಇಷ್ಟೆಲ್ಲಾ ಪಾಡು ಬಿದ್ದಿದ್ದು.”

ವ್ಯಾಪಾರಿ ಬೆಂಚಿನಿಂದ ಎದ್ದು ಜಾಗ ಬಿಟ್ಟ. ಮಾವ ಟವಲಿನಿಂದ ಮುಖ ಒರೆಸಿಕೊಂಡ, ಒರೆಸುತ್ತಲೇ ಇದ್ದ. ನಾನು ಓಡಿ ಹೋಗಿ ಅತ್ತೆಯ ಕೈ ಹಿಡಿದು, ನಾಲ್ಕು ಜನರೆದುರು ಕೂಗಿದರೆ ಅವಳಿಗೆ ನಾಚಿಕೆಯಾದೀತೆಂದು ಮುಖದ ಹತ್ತಿರ ಬಗ್ಗಿ, ಯಾರಿಗೂ ಕೇಳಿಸದ ಹಾಗೆ ತುಟಿ ಆಡಿಸಿದೆ.

“ಯಾಕ್ ಗುಸುಗುಸು ಅಂತೀಯ?” ಎಂದಳು ಅತ್ತೆ. “ಜೋರಾಗ್ ಹೇಳು.”

ನಾನು ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಕೂಗಿದೆ: “ಅತ್ತೇ, ಕಾಪಿ ಕುಡೀತೀಯಾ?”