ಗುಮಾಸ್ತರ ತಾಯಿಯ ಮಧ್ಯಾಹ್ನದ ನಿದ್ದೆ ಮತ್ತು ಡೊಮೈನ್ ನೋಂದಣಿಯ ಕುರಿತು

ಬೀದಿದೀಪ ವಿಭಾಗ
ಸಂಖ್ಯೆ: ಬೀದೀ/ಜಾಲ/ಗುಟ್ಟು/೪೭

ವಿಷಯ: ಡೊಮೈನ್ ಹೆಸರು ನೋಂದಾಯಿಸುವಾಗ ನೌಕರರ ಮನೆಯ ವಿಳಾಸ, ಫೋನ್ ಸಂಖ್ಯೆಗಳನ್ನು ಊರಿಗೆಲ್ಲ ಸಾರದಿರುವ ಬಗ್ಗೆ.

ಉಲ್ಲೇಖ: ಕಿರಿಯ ಗುಮಾಸ್ತರ ಮನವಿಗಳು (ತೆರೆದು ನೋಡಿಲ್ಲ).

೧. ವಿಭಾಗದ ಜಾಲತಾಣಕ್ಕೆ ಡೊಮೈನ್ ಹೆಸರು (ಅಂತರಜಾಲದ ವಿಳಾಸ) ಕೊಳ್ಳುವಾಗ ಮಾಲೀಕರ ಹೆಸರು, ವಿಳಾಸ, ಫೋನ್ ಸಂಖ್ಯೆ ಕೇಳಲಾಗಿರುತ್ತದೆ. ಹೆಸರು ಕೊಟ್ಟವರೇ ನಾಳೆ ತಲೆ ಕೊಡಬೇಕೆಂಬ ಭಯದಿಂದ, ಸದರಿ ಕಡತವು ಮೇಲಧಿಕಾರಿಗಳ ಮೇಜಿನಿಂದ ಒಂದೊಂದೇ ಮೇಜು ಇಳಿದು, ಕೆಳಗೆ ತಳ್ಳಲು ಯಾರೂ ಇಲ್ಲದ ಕಿರಿಯ ಗುಮಾಸ್ತರಲ್ಲಿ ನಿಂತಿರುತ್ತದೆ. ಅವರು ಪಾಪ, ತಮ್ಮ ಮನೆಯ ವಿವರವನ್ನೇ ತುಂಬಿರುತ್ತಾರೆ. ವಿವರ ಮರೆಮಾಡುವ ಚೌಕಕ್ಕೆ ಟಿಕ್ ಹಾಕಲು ಯಾರ ಅನುಮತಿ ಬೇಕೆಂದು ತೀರ್ಮಾನವಾಗದೆ ಅದನ್ನು ಖಾಲಿ ಬಿಡಲಾಗಿರುತ್ತದೆ.

೨. ಪರಿಣಾಮವಾಗಿ ಅವರ ಮನೆಯ ಫೋನ್ ಸಂಖ್ಯೆ ಅಂತರಜಾಲದಲ್ಲಿ ಹುಡುಕಿದವರಿಗೆಲ್ಲ ಸಿಗುತ್ತಿತ್ತು. ಕಚೇರಿಯ ಫೋನ್ ಎತ್ತುವ ಪದ್ಧತಿ ನಮ್ಮಲ್ಲಿ ಇಲ್ಲದ್ದರಿಂದ ದೂರುಗಳೆಲ್ಲ ಗುಮಾಸ್ತರ ತಾಯಿಗೆ ಹೋಗುತ್ತಿದ್ದವು. ವೈದ್ಯರು ಮಧ್ಯಾಹ್ನದ ನಿದ್ದೆ ಕಡ್ಡಾಯವೆಂದಿದ್ದು, ಅದು ಕೆಟ್ಟು ಅವರು ಎರಡು ಸಲ ತಲೆಸುತ್ತಿ ಬಿದ್ದಿರುವುದನ್ನು ಗಮನಿಸಲಾಗಿದೆ. ಗಮನಿಸಿದ್ದಷ್ಟೇ.

೩. ಹಗಲಲ್ಲೂ ದೀಪ ಉರಿಯುತ್ತಿದೆಯೆಂದ ಅಂಗಡಿಯವರಿಗೆ ಸದರಿ ತಾಯಿಯವರು, "ಉರೀಲಿ ಬಿಡಪ್ಪಾ, ನಿಮ್ಮಪ್ಪನ ಮನೆ ಗಂಟೇನು ಹೋಯ್ತು? ನನಗೆ ಸ್ವಲ್ಪ ಮಲಗೋಕೆ ಬಿಡು" ಎಂಬ ತಾಂತ್ರಿಕ ಉತ್ತರ ನೀಡಿದ್ದಾರೆ. ಇದು ವಿಭಾಗದ ನಿಲುವೇ ಆಗಿರುವುದರಿಂದ ಆಕ್ಷೇಪಣೆ ಇರುವುದಿಲ್ಲ.

೪. ಕಚೇರಿಗೆ ಒಂದೂ ದೂರು ಬಾರದಿರುವುದನ್ನು ವಿಭಾಗದ ಸಾಧನೆಯೆಂದು ಪರಿಗಣಿಸಿ, ಗುಮಾಸ್ತರ ಮನವಿಗಳನ್ನು ಮೂಲೆಗೆ ಸರಿಸಲಾಗಿತ್ತು. ತಾಯಿಯವರ ಕಿವಿಗೆ ಇಡಲು ಒಂದು ಉಂಡೆ ಹತ್ತಿ ಮಂಜೂರಾಗಿದ್ದು, ಬಳಸಿದ ನಂತರ ಉಗ್ರಾಣಕ್ಕೆ ಹಿಂತಿರುಗಿಸತಕ್ಕದ್ದು.

೫. ಗೌಪ್ಯತೆಯ ಪ್ರಥಮ ಕ್ರಮವಾಗಿ ಸದರಿ ಸಂಖ್ಯೆಯನ್ನು ಎಲ್ಲ ಸೂಚನಾ ಫಲಕಗಳಲ್ಲಿ ದಪ್ಪಕ್ಷರದಲ್ಲಿ ಬರೆದು, ಕೆಳಗೆ "ಇದು ಗುಟ್ಟು" ಎಂದು ನಮೂದಿಸಲಾಗಿತ್ತು. ಓದಿದವರು ಅದನ್ನು ಮರೆತಿರುವುದಾಗಿ ಬರೆದುಕೊಡತಕ್ಕದ್ದು. ಮರೆತ ಸಂಖ್ಯೆ ಯಾವುದೆಂದು ಸ್ಪಷ್ಟವಾಗಿ ನಮೂದಿಸತಕ್ಕದ್ದು.

೬. ರಜೆಯ ದಿನವೂ ಗುಮಾಸ್ತರನ್ನು ಕೆಲಸಕ್ಕೆ ಎಳೆತರಲು ಮೇಲಧಿಕಾರಿಗಳು ತಮ್ಮ ಮನೆಯಿಂದಲೇ ಕರೆ ಮಾಡುವುದು ವಾಡಿಕೆ. ಆ ಕರೆಗಳಿಂದ ಮೇಲಧಿಕಾರಿಗಳ ಮನೆಯ ಸಂಖ್ಯೆ ತಾಯಿಯವರ ಬಳಿ ಉಳಿದಿತ್ತೆಂಬುದು ನಿನ್ನೆ ತಿಳಿದುಬಂದಿದೆ. ತಾಳ್ಮೆಗೆಟ್ಟ ಅವರು ಕರೆ ಮಾಡಿದವರಿಗೆಲ್ಲ, "ದೀಪದ ಯಜಮಾನ್ರು ಬೇರೆ ಇದ್ದಾರೆ, ಬರ್ಕೊಳಿ" ಎಂದು ಅದನ್ನು ಹಂಚಿರುತ್ತಾರೆ. ಮಧ್ಯಾಹ್ನ ಊಟ ಮಾಡಿ ಮಲಗಿದ್ದ ಮೇಲಧಿಕಾರಿಗಳು ಮೊದಲ ದೂರಿನ ಕರೆಗೆ ಎದ್ದವರು ಮತ್ತೆ ಮಲಗಿರುವುದಿಲ್ಲ. ಅವರ ಪತ್ನಿಯವರು ಆಡಿದ ಮಾತುಗಳನ್ನು ಸುತ್ತೋಲೆಯಲ್ಲಿ ದಾಖಲಿಸಲು ಅವಕಾಶವಿಲ್ಲ.

೭. ಆದ್ದರಿಂದ, ಖಾಸಗಿ ವಿವರಗಳ ರಕ್ಷಣೆ ಪ್ರತಿ ಮನುಷ್ಯನ ಹಕ್ಕೆಂದು ನಿನ್ನೆ ಮಧ್ಯಾಹ್ನ ಮೂರು ಗಂಟೆಯಿಂದ ಜಾರಿಗೆ ಬರುವಂತೆ ಮನಗಾಣಲಾಗಿದೆ. ಸದರಿ ಚೌಕಕ್ಕೆ ಟಿಕ್ ಹಾಕಲಾಗಿದೆ. ಯಾರ ಅನುಮತಿಯೂ ಬೇಕಾಗಲಿಲ್ಲ.

(ಸಹಿ ಇದೆ, ಹೆಸರು ಮರೆಮಾಡಲಾಗಿದೆ)
ಮೇಲಧಿಕಾರಿಗಳ ಪರವಾಗಿ, ಬೀದಿದೀಪ ವಿಭಾಗ

ಪ್ರತಿಗಳು:
೧. ಮೇಲಧಿಕಾರಿಗಳ ಪತ್ನಿಯವರಿಗೆ, ಕೋಪ ಇಳಿದ ಮೇಲೆ.
೨. ಕಿರಿಯ ಗುಮಾಸ್ತರಿಗೆ, ಶಿಸ್ತುಕ್ರಮದ ನೋಟಿಸಿನೊಂದಿಗೆ.
೩. ಗುಮಾಸ್ತರ ತಾಯಿಯವರಿಗೆ: ನಿದ್ದೆ ಹತ್ತಿದೆಯಂತೆ, ಬಾಗಿಲು ತಟ್ಟದೆ ಸಂದಿಯಲ್ಲಿ ತೂರಿಸುವುದು.