ಕುಡಿಯದವನ ಸೆಂಟು

ಹೆದರಿಕೆಗೆ ಕಾರಣ ಬೇಕು ಎನ್ನುವವರು ನನ್ನನ್ನು ನೋಡಿಲ್ಲ. ಹತ್ತು ಗಂಟೆಯ ರೈಲಿಗೆ ನಾನು ಎಂಟಕ್ಕೇ ಸ್ಟೇಶನಿನಲ್ಲಿರುತ್ತೇನೆ; ರೈಲು ಬಂದ ಮೇಲೆ ಇದು ಆ ರೈಲು ಹೌದೋ ಅಲ್ಲವೋ ಎಂದು ಮೂರು ಜನರನ್ನು ಕೇಳುತ್ತೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಉಂಟಲ್ಲ, ನಾನು ಅವನಿಗಿಂತ ಒಂದು ಕೈ ಮೇಲೆ. ಕುಂಬಳಕಾಯಿ ಎಂದರೆ ಸಾಕು, ಕಳ್ಳ ಎನ್ನುವುದಕ್ಕೆ ಮೊದಲೇ ಹೆಗಲು ಮುಟ್ಟಿಕೊಳ್ಳುತ್ತೇನೆ. ಇಂಥ ನಾನು ಆಯುಷ್ಯದಲ್ಲಿ ಒಂದೇ ಒಂದು ಶೋಕಿ ಮಾಡಿದ್ದು. ಅದೂ ಮದ್ರಾಸು ಸರಕಾರ ನಮ್ಮ ಜಿಲ್ಲೆಗೆ ಪಾನನಿಷೇಧ ತಂದ ಕಾಲದಲ್ಲಿ.

ಹೆಂಡತಿಯ ಅಣ್ಣ ಬೊಂಬಾಯಿಯಿಂದ ಹೊರಡುವ ಹಡಗೊಂದರಲ್ಲಿ ಅಡುಗೆಯವನಾಗಿದ್ದ. ರಜೆಯಲ್ಲಿ ಬಂದವನು ತಂಗಿಗೆ ಸೀರೆಯನ್ನೂ ನನಗೆ ಹೆಬ್ಬೆರಳಿನಷ್ಟು ಉದ್ದದ ಒಂದು ಸೆಂಟಿನ ಬಾಟಲಿಯನ್ನೂ ತಂದ. ನಮ್ಮ ಪೇಟೆಯ ಅತ್ತರುಗಳೆಲ್ಲ ನಾಲ್ಕು ಮಾರು ದೂರದಿಂದಲೇ ಹೆಸರು ಹಿಡಿದು ಕೂಗುವಂಥವು. ಇದು ಹಾಗಲ್ಲ. ಮುಚ್ಚಳ ತೆಗೆದರೆ ಮೊದಲು ಬರುವುದು ಬ್ರಾಂಡಿಯಂಥ ಒಂದು ಬಿಸಿ. ಬ್ರಾಂಡಿಯ ವಾಸನೆ ನನಗೆ ಹೇಗೆ ಗೊತ್ತು ಎನ್ನಬೇಡಿ. ಅಜ್ಜಿಗೆ ಕೊನೆಗಾಲದಲ್ಲಿ ಡಾಕ್ಟರು ಹೇಳಿದಂತೆ ಚಮಚದಲ್ಲಿ ಕುಡಿಸಿದವನು ನಾನೇ. ಆ ಬಿಸಿ ಆರಿದ ಮೇಲೆ ನಿಧಾನವಾಗಿ ವೆನಿಲ್ಲಾದ ಸಿಹಿ ಏಳುತ್ತಿತ್ತು, ನೆರೆಮನೆಯ ಕಾರ್ಮಿನ್ ಬಾಯಿ ಕ್ರಿಸ್ಮಸ್ಸಿಗೆ ಕೇಕು ಬೇಯಿಸುವ ದಿನ ಬೇಲಿ ದಾಟಿ ಬರುವಂಥದ್ದು. ಮಧ್ಯಾಹ್ನ ಮೈ ಬೆವರಿದರೆ ಎರಡೂ ಸೇರಿ ಅಂಗಿಯ ಒಳಗಿನಿಂದ ಬೆಚ್ಚಗೆ ಮೇಲೆ ಬರುತ್ತಿದ್ದವು. ಆ ವಾಸನೆಯ ನಡುವೆ ಕುಳಿತರೆ ನಾನೂ ಒಬ್ಬ ಆಸಾಮಿ, ನನಗೂ ನಾಲ್ಕು ಬಂದರುಗಳ ಪರಿಚಯ ಉಂಟು ಎನಿಸುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಅದು ತುಂಬ ಇಷ್ಟವಾಗಿತ್ತು.

ನನ್ನ ಉದ್ಯೋಗ ಬೇರೆ ಯಾವುದಾಗಿದ್ದರೂ ತೊಂದರೆ ಇರಲಿಲ್ಲ. ನಾನು ದಸ್ತಾವೇಜು ರಿಜಿಸ್ತ್ರಿ ಮಾಡುವ ಕಚೇರಿಯಲ್ಲಿ ಗುಮಾಸ್ತ. ಯಾವ ಊರಿನ ಕಚೇರಿ ಎಂದು ಹೇಳುವುದಿಲ್ಲ, ಈಗಲೂ ಹೆದರಿಕೆ ಉಂಟು. ಪತ್ರ ಮಾಡಿಸಲು ಬಂದವರ ಹೆಬ್ಬೆಟ್ಟು ಒತ್ತಿಸುವುದು ನನ್ನ ಪಾಲಿನ ಕೆಲಸ. ಅವರ ಎಡಗೈ ಹಿಡಿದು, ಬೆರಳನ್ನು ಮಸಿಯಲ್ಲಿ ಹೊರಳಿಸಿ, ಪುಸ್ತಕದ ಮೇಲೆ ಮೆಲ್ಲಗೆ ಉರುಳಿಸಬೇಕು. ಗುರುತು ಕಲಸಿಹೋಗದಂತೆ ಮೈಬಗ್ಗಿಸಿ ನೋಡುವಾಗ ಅವರ ಮೂಗಿಗೂ ನನ್ನ ಕೊರಳಪಟ್ಟಿಗೂ ಒಂದು ಗೇಣೂ ಇರುವುದಿಲ್ಲ. ಕೆಲಸ ಖಾಯಮಾಗಲು ಇನ್ನು ಎರಡೇ ತಿಂಗಳು ಇತ್ತು. ಕುಡಿದು ಕಚೇರಿಗೆ ಬಂದ ಎಂಬ ಒಂದು ವರದಿ ಮೇಲಕ್ಕೆ ಹೋದರೆ ಖಾಯಂ ಇರಲಿ, ಮರುದಿನ ಕುಳಿತುಕೊಳ್ಳಲು ಕುರ್ಚಿಯೇ ಇರುವುದಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಒಂದು ಸೋಮವಾರ ಎರಡು ತೊಟ್ಟು ಹಚ್ಚಿಕೊಂಡು ಹೊರಟೆ.

ಹೊಸಂಗಡಿಯಲ್ಲಿ ಬಸ್ಸು ಹತ್ತಿದೆ. ಪಕ್ಕದಲ್ಲಿದ್ದವರು ಎರಡು ಸಲ ಉಸಿರು ಎಳೆದು, ಮೂರನೆಯ ಸಲ ನನ್ನ ಕಿವಿಯ ಹತ್ತಿರ ಬಂದು ಕೇಳಿದರು. “ಎಲ್ಲಿ ಸಿಗ್ತದೆ ಮಾರಾಯ್ರೇ? ನಾನು ಯಾರಿಗೂ ಹೇಳುವುದಿಲ್ಲ.”

“ಇದು ಸೆಂಟು” ಎಂದೆ.

“ಹೌದು ಹೌದು, ಎಲ್ಲರೂ ಹಾಗೆಯೇ ಹೇಳುವುದು” ಎಂದು ಅವರು ನನ್ನ ತೊಡೆ ತಟ್ಟಿದರು.

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದವನಿಗಾದರೂ ಮಜ್ಜಿಗೆ ಕುಡಿದ ಸಮಾಧಾನ ಇತ್ತು. ಬಸ್ಸಿನಿಂದ ಇಳಿದವನೇ ಕಚೇರಿಯ ಬಾವಿಕಟ್ಟೆಗೆ ಓಡಿ ಕತ್ತು ತೊಳೆದೆ. ನೀರು ಬಿದ್ದು ವಾಸನೆ ಇನ್ನಷ್ಟು ಅರಳಿತು. ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಎದುರಿನ ಅಂಗಡಿಯಿಂದ ಲವಂಗ ತಂದು ನಾಲ್ಕೈದು ಬಾಯಿಗೆ ಹಾಕಿ ಜಗಿಯತೊಡಗಿದೆ. ಆ ದಿನಗಳಲ್ಲಿ ಹಗಲು ಹೊತ್ತು ಲವಂಗ ಜಗಿಯುತ್ತಿದ್ದವರು ಎಂಥವರು ಎಂಬುದು ನನ್ನೊಬ್ಬನನ್ನು ಬಿಟ್ಟು ಇಡೀ ತಾಲೂಕಿಗೆ ಗೊತ್ತಿತ್ತು.

ಅಂದು ಮೊದಲು ಬಂದವಳು ದೇಯಕ್ಕ ಎಂಬ ಮುದುಕಿ, ಮನೆಯ ಜಾಗವನ್ನು ಮಗಳ ಹೆಸರಿಗೆ ಬರೆದುಕೊಡಲು. ಗಂಡ ಇದ್ದಷ್ಟು ದಿನ ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದವನು. ನಾನು ಅವಳ ಬೆರಳು ಹಿಡಿದೆ. ಅವಳ ಮೂಗು ಅರಳಿತು. ಅಷ್ಟರಲ್ಲಿ ಮೇಜಿನ ಆಚೆ ಇದ್ದ ಸಬ್‌ರಿಜಿಸ್ಟ್ರಾರರ ಮೂಗೂ ಅರಳಿತು. ಅವರು ಖಾದಿ ಉಡುವವರು. ಪ್ರತಿ ಭಾನುವಾರ ಕುಡಿತದ ವಿರುದ್ಧ ಯಾವುದಾದರೂ ಊರಿನಲ್ಲಿ ಭಾಷಣ ಮಾಡುವವರು.

“ಇಲ್ಲಿ ಬನ್ನಿ. ಬಾಯಿ ಬಿಡಿ” ಎಂದರು.

ಬಿಟ್ಟೆ. ಲವಂಗದ ಘಾಟು ಅವರ ಮುಖಕ್ಕೆ ಹೊಡೆಯಿತು.

“ಲವಂಗ ಯಾಕೆ?”

“ಬಾಯಿಯ ವಾಸನೆ ಹೋಗಲಿ ಅಂತ, ಸಾರ್.”

“ಎಂತದರ ವಾಸನೆ?”

ಅಂಗಿಯದು ಎನ್ನಲು ಹೋಗಿ “ಹೆಂಡತಿಯ ಅಣ್ಣ ತಂದದ್ದು” ಎಂದುಬಿಟ್ಟೆ. ಅವರು ಒಂದು ಬಿಳಿ ಕಾಗದ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಆ ಕಾಗದದಲ್ಲಿ ನನಗೆ ಅಕ್ಷರ ಕಾಣಲಿಲ್ಲ, ಮನೆಯವರೆಲ್ಲ ಸಾಲಾಗಿ ಉಪವಾಸ ಕುಳಿತದ್ದೇ ಕಂಡಿತು.

ಆಗ ಮಸಿಯ ಬೆರಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ದೇಯಕ್ಕ ಹೇಳಿದಳು. “ಧಣಿಗಳೇ, ಇವರು ಕುಡಿದದ್ದಲ್ಲ.”

“ನಿಮಗೆ ಹೇಗೆ ಗೊತ್ತು?”

“ನಲವತ್ತು ವರ್ಷ ಕುಡಿದವರಿಗೇ ಅನ್ನ ಬಡಿಸಿದವಳು ನಾನು. ಒಂದು ಕುಡ್ತೆ ಕಳ್ಳು ಒಳಗೆ ಹೋದವ ಪೊಲೀಸನ ಎದುರೂ ಎದೆ ಕೊಟ್ಟು ನಿಲ್ತಾನೆ. ಇವರ ಕೈ ನೋಡಿ, ಕೋಳಿಮರಿ ಹಿಡಿದ ಹಾಗೆ ನಡುಗ್ತದೆ. ಕುಡಿಯಲಿಕ್ಕೆ ಧೈರ್ಯ ಬೇಕಲ್ಲ? ಅದು ಇವರಲ್ಲಿ ಎಲ್ಲುಂಟು?”

ಸಾಹೇಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಹಳ ಹೊತ್ತೇನೂ ನೋಡಬೇಕಾಗಲಿಲ್ಲ. “ಅದೂ ಸರಿಯೇ” ಎಂದು ಕಾಗದವನ್ನು ಮಡಚಿ ಬುಟ್ಟಿಗೆ ಹಾಕಿ, “ಹೋಗಿ, ಕೆಲಸ ನೋಡಿ” ಎಂದರು. ಕಚೇರಿಯಲ್ಲಿ ಇದ್ದವರೆಲ್ಲ ತಲೆ ಆಡಿಸಿದರು. ಒಬ್ಬರಿಗೂ, ಒಂದು ಕ್ಷಣಕ್ಕೂ, ಅನುಮಾನ ಉಳಿಯಲಿಲ್ಲ.

ಕೆಲಸ ಉಳಿಯಿತು. ಸಂತೋಷಪಡಬೇಕಾಗಿತ್ತು. ಆದರೆ ಸಂಜೆ ಬಸ್ಸಿಳಿದು ಮನೆಗೆ ನಡೆಯುತ್ತ ನನಗೆ ಅವಮಾನವೇ ಹೆಚ್ಚಾಯಿತು. ಕಳ್ಳ ಎಂದು ಹಿಡಿದು, ಕದಿಯುವ ಯೋಗ್ಯತೆ ಇವನಿಗಿಲ್ಲ ಎಂದು ಬಿಟ್ಟುಬಿಟ್ಟರೆ ಯಾರಿಗಾದರೂ ಹೇಗಾದೀತು? ಆದ್ದರಿಂದ ಹೆಂಡತಿಗೆ ಕತೆ ಹೇಳುವಾಗ ಸ್ವಲ್ಪ ತಿದ್ದಿದೆ. ದೇಯಕ್ಕನನ್ನು ತೆಗೆದುಹಾಕಿದೆ. ಸಾಹೇಬರ ಮೇಜಿಗೆ ಕೈ ಬಡಿದು, “ಸಾರ್, ಸೆಂಟಿಗೂ ಸಾರಾಯಿಗೂ ವ್ಯತ್ಯಾಸ ತಿಳಿದು ಮಾತಾಡಿ” ಎಂದು ನಾನೇ ಹೇಳಿದೆನೆಂದೂ, ಅವರು ತಣ್ಣಗಾದರೆಂದೂ ವರ್ಣಿಸಿದೆ.

ಅವಳು ಅಕ್ಕಿ ಆರಿಸುತ್ತಿದ್ದ ಗೆರಸೆಯನ್ನು ಕೆಳಗಿಟ್ಟು, ನನ್ನ ಮುಖವನ್ನೇ ನೋಡಿದಳು. ಆಮೇಲೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು.

“ನೀವು ಹಾಗೆ ಹೇಳಿದಿರಾ? ನಿಜ ಹೇಳಿ, ನಾನು ಬೈಯುವುದಿಲ್ಲ. ಎಷ್ಟು ಕುಡಿದಿದ್ದೀರಿ?”

ದೇಯಕ್ಕನ ಸಾಕ್ಷಿಯನ್ನು ಅಕ್ಷರಶಃ ಒಪ್ಪಿಸುವವರೆಗೂ ಆ ದಿನ ನನಗೆ ಊಟ ಸಿಗಲಿಲ್ಲ.