ದೊಡ್ಡವ್ವ ದ್ವೀಪಕ್ಕೆ ಹೋದದ್ದು

ನಮ್ಮ ಮನೆತನದಲ್ಲಿ ಮೀನು ತಿಂದವರು ಯಾರೂ ಇಲ್ಲ. ಆದರೆ ಸೀದಾ ಮೀನಿನ ಮನೆಗೇ ಹೋಗಿ, ಮುಖ ನೋಡಿ, ಕುಶಲ ವಿಚಾರಿಸಿ ಬಂದವರು ಒಬ್ಬರಿದ್ದಾರೆ. ನನ್ನ ದೊಡ್ಡವ್ವ!

ದೊಡ್ಡವ್ವ ಅಂದರೆ ನಮ್ಮವ್ವನ ಸ್ವಂತ ಅಕ್ಕ. ಮದುವೆಯಾಗಲಿಲ್ಲ. ಹೊಸಪೇಟೆಯ ನಮ್ಮ ಮನೆಯಲ್ಲೇ ಇದ್ದು, ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದಳು. ನಿವೃತ್ತರಾದ ಹೆಂಗಸರು ನಮ್ಮ ಕಡೆ ಏನು ಮಾಡುತ್ತಾರೆ? ಶ್ರೀಶೈಲಕ್ಕೆ ಹೋಗಿ ಬರುತ್ತಾರೆ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ದೊಡ್ಡವ್ವ ಮಾತ್ರ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ, "ಸಮುದ್ರದಾಗ ಒಂದು ದ್ವೀಪಕ್ಕ ಹೋಗಿ ಒಬ್ಬಾಕೇ ಇದ್ದು ಬರ್ತೀನಿ" ಅಂದಳು. ಅವ್ವ ಅದನ್ನು ಚೇಷ್ಟೆ ಅಂದುಕೊಂಡು ಇನ್ನರ್ಧ ಕಪ್ಪು ಚಹಾ ಸುರಿದಳು.

ಚೇಷ್ಟೆ ಅಲ್ಲ ಅಂತ ಗೊತ್ತಾದದ್ದು ಪಾರ್ಸೆಲ್ ಬಂದಾಗ. ಒಳಗೆ ದೊಡ್ಡ ಗಾಜಿನ ಕನ್ನಡಕ, ಬಾಯಲ್ಲಿ ಕಚ್ಚಿಕೊಳ್ಳುವ ಕೊಳವೆ, ಬಾತುಕೋಳಿಯ ಪಾದದಂಥ ರಬ್ಬರ್ ಚಪ್ಪಲಿ.

"ಏನಕ್ಕಾ ಇದು?" ಅವ್ವ ಕೊಳವೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದಳು.

"ಸ್ನಾರ್ಕೆಲಿಂಗ್ ಅಂತಾರ. ಮುಖ ನೀರಾಗಿಟ್ಟು, ಕೊಳವಿಯಿಂದ ಉಸಿರಾಡಿಕೋತ ಕೆಳಗ ನೋಡೋದು."

"ಕೆಳಗ ಏನೈತಿ?"

"ಅದನ್ನ ನೋಡಾಕಂತನ ಹೊಂಟೀನಿ."

ತಾಲೀಮು ನಡೆದದ್ದು ಕಂಪ್ಲಿ ಕಡೆ, ಎಮ್ಮಿಗನೂರಿನ ಹತ್ತಿರ, ನನ್ನ ಸೋದರಮಾವನ ಹೊಲದ ಬಾವಿಯಲ್ಲಿ. ಸಣ್ಣವಳಿದ್ದಾಗ ದೊಡ್ಡವ್ವ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತದ್ದೂ ಅಲ್ಲೇ. ನಾನು ಮೆಟ್ಟಿಲ ಮೇಲೆ ಕಾವಲಿಗೆ ಕೂತಿದ್ದೆ. ಭತ್ತದ ಗದ್ದೆಯಿಂದ ಕೈಕಾಲು ತೊಳೆಯಲು ಬಂದ ಹೆಂಗಸೊಬ್ಬಳು, ನೀರಿನ ಮೇಲೆ ಒಂದು ಕೊಳವೆ ಬುಸ್ ಬುಸ್ ಅಂತ ತನ್ನಷ್ಟಕ್ಕೆ ತಾನೇ ತಿರುಗುವುದನ್ನು ಕಂಡು, "ಯಪ್ಪಾ, ಹಾವು!" ಎಂದು ಕಿರುಚಿ ಓಡಿದಳು. ಗದ್ದೆಗೆ ಗದ್ದೆಯೇ ಬಡಿಗೆ ಹಿಡಿದು ಬಂತು. ದೊಡ್ಡವ್ವ ತಲೆ ಎತ್ತಿದಳು.

"ಸಿಸ್ಟರ್! ನೀವೇನ್ರಿ?" ಬಂದವರಲ್ಲೊಬ್ಬ ಗುರುತು ಹಿಡಿದ. "ಏನು ಬಿದ್ದೈತ್ರಿ ಬಾವ್ಯಾಗ?"

"ಏನೂ ಬಿದ್ದಿಲ್ಲಪ. ಸುಮ್ನ ನೋಡಾಕ ಹತ್ತೀನಿ."

"ಏನು ಕಾಣ್ತೈತ್ರಿ?"

"ರಾಡಿ."

ಮುದುಕರೊಬ್ಬರು ಬಡಿಗೆ ಕೆಳಗಿಟ್ಟು ಗಂಭೀರವಾಗಿ ಹೇಳಿದರು: "ರಾಡಿ ನೋಡಾಕ ಒಳಗ್ಯಾಕ ಇಳೀಬೇಕ್ರಿ? ಮ್ಯಾಲಿಂದನ ಕಾಣ್ತೈತಿ!"

ದ್ವೀಪದಲ್ಲಿ ಗುಡ್ಡವೂ ಇದೆಯಂತೆ ಅಂತ, ಮುಂದಿನದು ಬೆಟ್ಟ ಹತ್ತುವ ತಾಲೀಮು. ಬೆನ್ನಚೀಲಕ್ಕೆ ಅಕ್ಕಿ ತುಂಬಿ, ಸೊಂಡೂರಿನ ಗುಡ್ಡದ ದಾರಿಯಲ್ಲಿ ಒಬ್ಬಳೇ ನಡೆಯುವುದು. ಹೊರಟಳು. ಸ್ವಲ್ಪ ದೂರಕ್ಕೆ ಒಂದು ಬೈಕು ನಿಂತಿತು: "ಯಾಕ್ರಿ ಅವ್ವಾರ, ಬಸ್ಸು ತಪ್ಪೇತೇನು? ಕುಂದ್ರಿ, ಬಿಡ್ತೀನಿ." ಬೇಡ ಅಂದಳು. ಆಟೊ ನಿಂತಿತು. ಬೇಡ ಅಂದಳು. ಅದಿರಿನ ಲಾರಿಯೇ ನಿಂತಿತು! ಕೊನೆಗೆ ಒಂದು ಜೀಪಿನವರು, "ಮನ್ಯಾಗ ಜಗಳ ಮಾಡ್ಕೊಂಡು ಬಂದೀರಿ ಅನಸ್ತೈತಿ. ಸಮಾಧಾನ ಮಾಡ್ಕೋರಿ" ಎಂದು ಬಲವಂತವಾಗಿ ಹತ್ತಿಸಿಕೊಂಡು, ದಾರಿಯುದ್ದಕ್ಕೂ ಬುದ್ಧಿ ಹೇಳಿ, ಹೊಸಪೇಟೆಯ ನಮ್ಮ ಬಾಗಿಲಿಗೇ ತಂದು ಬಿಟ್ಟರು. ಅವ್ವ ಅವರಿಗೆಲ್ಲ ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟಳು.

ಅಂದು ನಾನು ನಕ್ಕೆ. ಆಮೇಲೆ ಯೋಚಿಸಿದರೆ, ಅವಳು ದ್ವೀಪವನ್ನೇ ಯಾಕೆ ಹುಡುಕಿದಳು ಅಂತ ತಿಳಿಯಿತು. ನಮ್ಮ ಊರಿನಲ್ಲಿ ಏನು ಬೇಕಾದರೂ ಸಿಗುತ್ತದೆ. ಒಬ್ಬಳೇ ಇರುವುದು ಮಾತ್ರ ಸಿಗುವುದಿಲ್ಲ. ಹಂಪಿಯ ಯಾವುದೋ ಪಾಳುಮಂಟಪದಲ್ಲಿ ಹೋಗಿ ಕೂತರೂ ಒಂದು ಮಂಗ ಬಂದು ಪಕ್ಕದಲ್ಲಿ ಕೂರುತ್ತದೆ!

ಅಂಡಮಾನಿಗೆ ಹೊರಡುವ ದಿನ ಅವ್ವ ಜೋಳದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟುತ್ತಾ ಅತ್ತಳು. "ನಾನೂ ಬರ್ತೀನಕ್ಕಾ."

"ನೀ ಬಂದ್ರ ನಾ ಒಬ್ಬಾಕಿ ಹೆಂಗಾಗ್ತೀನಿ?"

ಅಲ್ಲಿ ಪರವಾನಗಿ ಪಡೆದು, ಜನವಸತಿಯಿಲ್ಲದ ಒಂದು ಸಣ್ಣ ದ್ವೀಪದಲ್ಲಿ ದೋಣಿಯವನು ಅವಳನ್ನು ಇಳಿಸಿದ. ಇಂಥ ದಿನ ಬಂದು ಕರೆದೊಯ್ಯುತ್ತೇನೆ ಅಂದ. ಫೋನು ಹತ್ತುವುದಿಲ್ಲ ಅಂತ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು ಟಿವಿಯವರು ತೋರಿಸಿದರು: ಆ ಕಡೆ ಗಾಳಿಮಳೆ! ಸಮುದ್ರದ ನಕಾಶೆಯ ಮೇಲೆ ಬಿಳಿ ಚಕ್ರವೊಂದು ತಿರುಗತೊಡಗಿತು. ಅವ್ವ ಟಿವಿ ಮುಂದಿನಿಂದ ಏಳಲಿಲ್ಲ. ಹೇಳಿದ ದಿನ ಕಳೆಯಿತು. ಫೋನು ಬರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನ ಮಧ್ಯಾಹ್ನ ರಿಂಗಾಯಿತು.

"ಆರಾಮದೀನಿ. ದೋಣಿ ಇವತ್ತು ಬಂತು. ರೊಟ್ಟಿ ಮಾತ್ರ ಏಡಿ ತಿಂದ್ವು."

ಅವಳು ಕಪ್ಪಗಾಗಿ, ಮೂಗಿನ ತೊಗಲು ಸುಲಿದುಕೊಂಡು ಮನೆಗೆ ಬಂದಳು. ನಾವೆಲ್ಲ ಸುತ್ತ ಕೂತೆವು. ಅವ್ವ ಮಾತ್ರ ಸಿಟ್ಟಿನಿಂದ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

"ಸೊಂಟಕ್ಕ ಹಗ್ಗ ಕಟ್ಟಿ, ಇನ್ನೊಂದು ತುದಿ ಮರಕ್ಕ ಬಿಗಿದು ನೀರಿಗಿಳಿದೆ," ಅಂದಳು ದೊಡ್ಡವ್ವ.

"ಎಮ್ಮಿ ಕಟ್ಟಿದಂಗ!" ಅವ್ವ ಬಾಗಿಲಿಂದಲೇ ಅಂದಳು.

"ಹೂಂ, ಎಮ್ಮಿ ಕಟ್ಟಿದಂಗ. ಎಷ್ಟು ಬಣ್ಣ ಅಂತೀ! ಒಂದು ಹಸಿರು ಮೀನು ಹವಳದ ಕಲ್ಲು ಕಡೀತಿತ್ತು. ಸಪ್ಪಳ ಕೇಳ್ತೈತಿ, ಕಟಕಟ, ಹುರಗಡ್ಲಿ ತಿಂದಂಗ. ಇನ್ನೊಂದು ದಪ್ಪ ಮೀನು ಬಾಯಿ ಸೊಟ್ಟ ಮಾಡ್ಕೊಂಡು ಬಂದು ನನ್ನ ಮುಂದ ನಿಂತಿತು. ಥೇಟ್ ನಮ್ಮ ಹಳೇ ಹೆಡ್ ನರ್ಸು! ನನಗ ಗೊತ್ತಿಲ್ಲದಂಗ 'ಗುಡ್ ಮಾರ್ನಿಂಗ್ ಮೇಡಂ' ಅನ್ನಾಕ ಹೋಗಿ ಉಪ್ಪುನೀರು ಕುಡದೆ."

ನಾವು ಬಿದ್ದು ಬಿದ್ದು ನಕ್ಕೆವು. ಅವಳೂ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಮುಂದುವರಿಸಿದಳು.

"ಗಾಳಿ ಬಂದ ದಿನ ಮಾತ್ರ ಅಂಜಿದೆ. ಡೇರೆ ಹಾರಿಹೋತು. ಹಗಲಾಗನ ಕತ್ತಲಾದಂಗಾತು. ಗುಡ್ಡ ಹತ್ತಿ ಒಂದು ಬಂಡೆಗಲ್ಲಿಗೆ ಆತುಕೊಂಡು ಕುಂತೆ. ದೋಣಿ ಬರಂಗಿಲ್ಲ ಅಂತ ಗೊತ್ತಾತು. ಯಾರನ್ನಾರ ಕರೀಬೇಕು ಅನಿಸ್ತು. ಯಾರನ್ನ ಕರೀಲಿ? ಅವಾಗ ನೆನಪಾತು ನೋಡ್ರಿ... ಮನ್ಯಾಗ ನಾ ಅಕ್ಕ, ನಿಮಗೆಲ್ಲ ದೊಡ್ಡವ್ವ. ದವಾಖಾನ್ಯಾಗ ಸಿಸ್ಟರ್, ಓಣ್ಯಾಗೂ ಸಿಸ್ಟರ್. ನನ್ನ ಹೆಸರು ಹಿಡಿದು ಕರೀತಿದ್ದಾಕಿ ನನ್ನ ಹಡದವ್ವ ಒಬ್ಬಾಕಿ. ಆಕಿ ಹೋದಮ್ಯಾಲ ಆ ಹೆಸರು ಯಾರ ಬಾಯಾಗೂ ಕೇಳೇ ಇಲ್ಲ. ಅದಕ್ಕ ನಾನೇ ಒದರಿದೆ. 'ಗಿರಿಜಾ! ಏ ಗಿರಿಜಾ!' ಆ ಗಾಳ್ಯಾಗ ಬ್ಯಾರೆ ಯಾರೋ ಕರದಂಗ ಕೇಳಿಸ್ತು. 'ಓ' ಅಂದೆ. ಅಂಜಿಕಿ ಹೋತು."

ನನಗೆ ನಾಚಿಕೆಯೋ ಸಂಕಟವೋ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಅವಳ ಕೈತುತ್ತು ತಿಂದವರು ನಾವು. 'ಗಿರಿಜಾ' ಎಂಬ ಹುಡುಗಿಯನ್ನು ಒಮ್ಮೆಯೂ ಮಾತಾಡಿಸಿರಲಿಲ್ಲ.

ಅವ್ವ ಬಾಗಿಲಿಂದ ಒಳಗೆ ಹೋದಳು. ತಾಟು ಹಾಕುವ ಸಪ್ಪಳ ಕೇಳಿಸಿತು. ಅಕ್ಕನನ್ನು ಎಂದೂ ಹೆಸರು ಹಿಡಿದು ಕರೆಯದ ನನ್ನ ಅವ್ವ ಒಳಗಿಂದ ಕೂಗಿದಳು:

"ಗಿರಿಜಾ... ಉಣ್ಣಾಕ ಬಾ."

ದೊಡ್ಡವ್ವ ಬಾಗಿಲ ಕಡೆ ನೋಡಿದಳು. ತಕ್ಷಣ ಏಳಲಿಲ್ಲ.

"ಓ," ಅಂದಳು. ಆಮೇಲೆ, ಸಣ್ಣ ದನಿಯಲ್ಲಿ, "ಇನ್ನೊಮ್ಮೆ ಕರಿಯವಾ" ಅಂದಳು.